ಅಣ್ಣನಿಗಿರುವ ಪ್ರತಿಕಾಯದ ಕೊರತೆ ನಮ್ಮ ಮಕ್ಕಳಿಗೂ ಬಂದೀತೆ?

ಪ್ರಶ್ನೆ: ನನ್ನ ಅಣ್ಣನಿಗೆ 36 ವರ್ಷ. ಮೇಲಿಂದ ಮೇಲೆ ನ್ಯುಮೋನಿಯಾ, ಸೈನಸ್ ಸೋಂಕು ಕಾಡುತ್ತಿದ್ದುದಕ್ಕೆ ‘ಕಾಮನ್ ವೇರಿಯಬಲ್ ಇಮ್ಯುನೊಡೆಫಿಶಿಯನ್ಸಿ’ (ಸೋಂಕಿನೊಡನೆ ಹೋರಾಡುವ ಪ್ರತಿಕಾಯಗಳು ದೇಹದಲ್ಲಿ ಸಾಕಷ್ಟು ತಯಾರಾಗದ ಕಾಯಿಲೆ) ಕಾರಣವೆಂದು ಈ ವರ್ಷ ತಿಳಿದುಬಂತು. ಅವನ ‘ಟಾಸಿ’ ಎಂಬ ಜೀನ್‌ನ ಎರಡು ಪ್ರತಿಗಳಲ್ಲಿ ಒಂದರಲ್ಲಿ ದೋಷವಿದೆಯಂತೆ. ನಮ್ಮದು ಕೂಡು ಕುಟುಂಬ. ನನಗೆ ಇಬ್ಬರು ಚಿಕ್ಕ ಮಕ್ಕಳಿದ್ದಾರೆ. ನಾವೆಲ್ಲರೂ ಜೀನ್ ಪರೀಕ್ಷೆ ಮಾಡಿಸಬೇಕೆ?
– ಓದುಗರೊಬ್ಬರು, ತಿಪಟೂರು

ಉತ್ತರ: ನಿಮ್ಮ ಆತಂಕ ಸಹಜವಾದದ್ದೇ. ಆದರೆ ದೋಷವಿರುವ ಜೀನ್ ಬಂದ ಮಾತ್ರಕ್ಕೆ ಕಾಯಿಲೆ ಬಂದೇ ಬರುತ್ತದೆ ಎಂದು ದಯವಿಟ್ಟು ಭಾವಿಸಬೇಡಿ.

ರಕ್ತದ ಬಿ ಜೀವಕೋಶಗಳು ಐಜಿಜಿ, ಐಜಿಎ ಬಗೆಯ ಪ್ರತಿಕಾಯಗಳನ್ನು ತಯಾರಿಸುವುದಕ್ಕೆ ಬೇಕಾದ ಸೂಚನೆಗಳನ್ನು ಸ್ವೀಕರಿಸುವ ಪ್ರೋಟೀನುಗಳಲ್ಲಿ ಟಾಸಿಯೂ ಒಂದು. ಈ ಜೀನ್‌ಗೂ ನಿಮ್ಮ ಅಣ್ಣನ ಕಾಯಿಲೆಗೂ ಇರುವ ನಂಟು 2005ರಲ್ಲಿ ಬೆಳಕಿಗೆ ಬಂತು. ಇಂತಹ ರೋಗಿಗಳಲ್ಲಿ ಸುಮಾರು ನೂರಕ್ಕೆ ಎಂಟು–ಹತ್ತು ಮಂದಿಯಲ್ಲಿ ಟಾಸಿ ದೋಷ ಕಾಣಸಿಗುತ್ತದೆಯಾದರೂ, ಅದೇ ದೋಷವನ್ನು ಹೊತ್ತು ಯಾವ ತೊಂದರೆಯೂ ಇಲ್ಲದೆ ಬಾಳುವವರು ರೋಗಿಗಳ ಮನೆಗಳಲ್ಲೇ ಇರುತ್ತಾರೆ. 1952ರಲ್ಲಿ ಅಮೆರಿಕದ ವೈದ್ಯ ಆಗ್ಡನ್ ಬ್ರೂಟನ್ ವರ್ಣಿಸಿದ, ಪ್ರತಿಕಾಯ ಕೊರತೆಯದೇ ಇನ್ನೊಂದು ಕಾಯಿಲೆಯ ಬಗೆ ಬೇರೆ: ಅಲ್ಲಿ ತಾಯಿಯಿಂದ ದೋಷಯುಕ್ತ ಎಕ್ಸ್ ವರ್ಣತಂತು ಪಡೆದ ಗಂಡುಮಗುವಿಗೆ ಕಾಯಿಲೆ ತಪ್ಪುವುದಿಲ್ಲ. ಟಾಸಿ ದೋಷ ಕಾಯಿಲೆಯ ಒಲವನ್ನಷ್ಟೇ ಹೆಚ್ಚಿಸುತ್ತದೆ. ಉಳಿದ ಕಾರಣಗಳೂ ಕೂಡಿಬರಬೇಕು.

ಆದ್ದರಿಂದ ನಿಮಗೆ ಜೀನ್ ಪರೀಕ್ಷೆಗಿಂತ ರಕ್ತದ ಐಜಿಜಿ, ಐಜಿಎ, ಐಜಿಎಂ ಪ್ರಮಾಣವನ್ನು ಅಳೆಯುವ ಸರಳ ಪರೀಕ್ಷೆಯೇ ಮೊದಲು ಆಗಲಿ. ಮಕ್ಕಳಲ್ಲಿ ಈ ಪ್ರಮಾಣ ವಯಸ್ಸಿಗೆ ತಕ್ಕಂತೆ ಬದಲಾಗುವುದರಿಂದ ಫಲಿತಾಂಶವನ್ನು ತಜ್ಞರೇ ಅರ್ಥೈಸಬೇಕು. ಈ ಕಾಯಿಲೆ ಪ್ರಾಯದಲ್ಲಿಯೂ ತಲೆದೋರುವುದರಿಂದ, ಇಂದಿನ ಫಲಿತಾಂಶ ಸರಿಯಿದ್ದರೂ ಮುಂದೆ ಕಿವಿ, ಶ್ವಾಸಕೋಶಗಳ ಸೋಂಕು ಮರುಕಳಿಸಿದರೆ ಮತ್ತೆ ಪರೀಕ್ಷಿಸಬೇಕಾಗುತ್ತದೆ.

ನಿಮ್ಮ ತಂದೆ ತಾಯಿಯದು ಸೋದರ ಸಂಬಂಧದ ಮದುವೆಯಾಗಿದ್ದರೆ ಅದನ್ನು ವೈದ್ಯರಿಗೆ ಸಂಕೋಚವಿಲ್ಲದೆ ತಿಳಿಸಿ. ಎರಡೂ ಪ್ರತಿಗಳು ಕೆಟ್ಟಾಗ ಮಾತ್ರ ಇದೇ ಬಗೆಯ ಕಾಯಿಲೆ ತರುವ ಎಲ್‌ಆರ್‌ಬಿಎಯಂತಹ ಜೀನ್‌ಗಳನ್ನೂ ಆಗ ಪರಿಶೀಲಿಸಬೇಕಾಗುತ್ತದೆ.

ನೀವು ಕೇಳದಿದ್ದರೂ ಹೇಳಲೇಬೇಕಾದ ಮಾತೊಂದಿದೆ. ಬಾಯಿಗೆ ಹಾಕುವ ಪೋಲಿಯೊ ಹನಿಯಲ್ಲಿ ಜೀವಂತ ವೈರಸ್ ಇರುವುದರಿಂದ, ಅದು ಮಗುವಿನ ಮಲದ ಮೂಲಕ ಪ್ರತಿಕಾಯಗಳ ಕೊರತೆಯಿರುವ ನಿಮ್ಮ ಅಣ್ಣನನ್ನು ತಲುಪಿ ಅಪಾಯ ತರಬಹುದು. ಲಸಿಕೆ ತಪ್ಪಿಸಬೇಡಿ, ಮುಂದಿನ ಪೋಲಿಯೊ ಭಾನುವಾರಕ್ಕೆ ಮುಂಚೆಯೇ ಮಕ್ಕಳ ವೈದ್ಯರಿಗೆ ಅಣ್ಣನ ಕಾಯಿಲೆಯನ್ನು ವಿವರಿಸಿ, ಹನಿಯ ಬದಲು ಚುಚ್ಚುಮದ್ದಿನ ರೂಪದ ಪೋಲಿಯೊ ಲಸಿಕೆ ಕೊಡಲು ಕೇಳಿಕೊಳ್ಳಿ.