ಎರಡು ಪುಟದಲ್ಲಿ ಏನು ಬರೆಯಲಿ?

ಪ್ರಶ್ನೆ: ಕೋಲಾರದ ಹತ್ತಿರ ಒಂದು ಫ್ಯಾಕ್ಟರಿಯಲ್ಲಿ ಎಚ್‌ಆರ್ ಆಗಿದ್ದೇನೆ. ಮೂರು ವರ್ಷದಿಂದ ‘ಡೈವರ್ಸಿಟಿ ಅಂಡ್ ಇನ್‌ಕ್ಲೂಷನ್’ ಜವಾಬ್ದಾರಿ ನನ್ನದು. ಎಲ್ಲ ಥರದ ಜನಕ್ಕೂ ಕೆಲಸ ಸಿಗಬೇಕು, ಬಂದವರಿಗೆ ಇದು ನಮ್ಮದೇ ಜಾಗ ಅನ್ನಿಸಬೇಕು, ಅದನ್ನು ನೋಡಿಕೊಳ್ಳುವ ಕೆಲಸ. ಈಗ ಆಫೀಸಿನವರು ‘ಈ ಕೆಲಸದಲ್ಲಿ ನೀವು ಹೇಗೆ ಬೆಳೆದಿರಿ’ ಅಂತ ಎರಡು ಪುಟ ಬರೆದು ಕೊಡಿ ಅಂದಿದ್ದಾರೆ. ಬರೆಯಲು ಕೂತರೆ ಮಹಿಳಾ ದಿನಾಚರಣೆ, ರಂಗೋಲಿ ಸ್ಪರ್ಧೆ, ಎಷ್ಟು ಟ್ರೈನಿಂಗ್ ಮಾಡಿದೆ ಅನ್ನುವ ಲೆಕ್ಕ, ಇಷ್ಟೇ ನೆನಪಾಗುತ್ತದೆ. ನಿಜವಾಗಿ ಬೆಳೆದಿದ್ದೀನಾ ಅಂತಲೇ ಅನುಮಾನ. ಸೆಕೆಂಡ್ ಶಿಫ್ಟಿನ ಹುಡುಗಿಯೊಬ್ಬಳು ‘ಮೇಡಂ, ಒಂದಿನ ನಮ್ಮ ಬಸ್ಸಲ್ಲಿ ಬನ್ನಿ’ ಅಂದಿದ್ದಳು. ಹೋಗಲಿಲ್ಲ. ಅದು ಯಾಕೋ ಕಾಡುತ್ತಿದೆ.
– ಹೆಸರು ಬೇಡ, ಕೋಲಾರ ತಾಲ್ಲೂಕು

ಉತ್ತರ: ಮೊದಲು ಆ ಬಸ್ಸು ಹತ್ತಿ. ಪುಟ ಆಮೇಲೆ ಬರೆಯಬಹುದು.

ಯಾಕೆ ಹೇಳುತ್ತಿದ್ದೇನೆ ಅಂದರೆ, ನಾನೂ ಇದೇ ಕೆಲಸ ಮಾಡಿದವಳು, ತುಮಕೂರು ಕಡೆಯ ಒಂದು ಫ್ಯಾಕ್ಟರಿಯಲ್ಲಿ. ನಮ್ಮಲ್ಲಿ ಸೆಕೆಂಡ್ ಶಿಫ್ಟಿಗೆ ನಾಲ್ಕು ಹುಡುಗಿಯರು ಪದೇ ಪದೇ ರಜೆ ಹಾಕುತ್ತಿದ್ದರು. ನಾನು ಅವರಿಗೆ ಒಂದು ಮೋಟಿವೇಷನ್ ಕ್ಲಾಸ್ ಇಡಿಸಿದೆ. ರಜೆ ನಿಲ್ಲಲಿಲ್ಲ. ಕೊನೆಗೆ ಒಂದು ರಾತ್ರಿ ಅವರ ಜೊತೆಯಲ್ಲೇ ಬಸ್ಸು ಹತ್ತಿದೆ. ಹತ್ತೂಮುಕ್ಕಾಲಿಗೆ ಬಸ್ಸು ಊರ ಮುಂದಿನ ಅರಳಿಕಟ್ಟೆ ಹತ್ತಿರ ನಿಂತಿತು. ಊರಿನ ಹುಡುಗಿಯರೆಲ್ಲ ಇಳಿದು ಎರಡು ನಿಮಿಷದಲ್ಲಿ ಮನೆ ಸೇರಿದರು. ಈ ನಾಲ್ವರ ಮನೆ ಕಾಲೊನಿಯಲ್ಲಿ, ಊರು ದಾಟಿ, ಕೆರೆ ಏರಿ ಮೇಲೆ ನಡೆದು ಹೋಗಬೇಕು. ಒಬ್ಬಳ ಫೋನಿನ ಟಾರ್ಚು ಹಾಕಿಕೊಂಡು ನಾಲ್ವರೂ ಕೈ ಹಿಡಿದು ನಡೆದರು, ಹಿಂದೆ ನಾನು. ದಾರಿಯಲ್ಲಿ ಒಂದು ಲೈಟೂ ಇರಲಿಲ್ಲ. ನನ್ನ ಫೈಲಿನಲ್ಲಿ ಮಾತ್ರ ‘ಎಲ್ಲ ಮಹಿಳಾ ಸಿಬ್ಬಂದಿಗೂ ಬಸ್ ಸೌಲಭ್ಯ ಇದೆ’ ಅಂತ ಟಿಕ್ ಬಿದ್ದಿತ್ತು.

ಬಸ್ಸನ್ನು ಕಾಲೊನಿವರೆಗೆ ಬಿಡಿಸಲು ಹೊರಟಾಗ ಇನ್ನೊಂದು ಗೊತ್ತಾಯಿತು. ಹತ್ತು ನಿಮಿಷ ಜಾಸ್ತಿ ಆಗುತ್ತೆ ಅಂತ ಕಂಟ್ರಾಕ್ಟರ್ ಅಂದ, ಅದು ಸರಿ, ಮಾತಾಡಿ ಒಪ್ಪಿಸಿದೆವು. ಆದರೆ ಬಸ್ಸಿನಲ್ಲೇ ಕೆಲವರು ‘ಆ ಕಡೆಗೆಲ್ಲ ಯಾಕೆ ಹೋಗಬೇಕು’ ಅಂದರು. ದಾರಿ ದೂರ ಅನ್ನುವ ಮಾತಾಗಿರಲಿಲ್ಲ ಅದು, ಜಾತಿಯ ಮಾತು, ನಿಮಗೂ ಅರ್ಥ ಆಗುತ್ತೆ ಅಲ್ವಾ? ನನ್ನ ಪಟ್ಟಿಯಲ್ಲಿ ಹೆಣ್ಣು-ಗಂಡು ಇತ್ತು, ಅಂಗವಿಕಲರು ಇದ್ದರು, ಜಾತಿ ಅನ್ನುವ ಕಾಲಂ ಇರಲೇ ಇಲ್ಲ. ಹೊರದೇಶದಿಂದ ಬಂದ ನಮೂನೆಯನ್ನು ಹಾಗೇ ಇಟ್ಟುಕೊಂಡಿದ್ದೆವು. ಆಫೀಸಿನಲ್ಲಿ ಆ ಪದ ಬಾಯಿಬಿಟ್ಟು ಹೇಳಲು ನನಗೇ ಹಿಂಜರಿಕೆ ಇತ್ತು. ನಿಮ್ಮದು ದಲಿತ ಚಳವಳಿ ಗಟ್ಟಿಯಾಗಿ ಬೆಳೆದ ಜಿಲ್ಲೆ, ಜನ ಈ ವಿಷಯವನ್ನು ನಮಗಿಂತ ಚೆನ್ನಾಗಿ ಮಾತಾಡುತ್ತಾರೆ. ಕ್ಯಾಂಟೀನಿನಲ್ಲಿ ಯಾರು ಯಾರ ಜೊತೆ ಡಬ್ಬಿ ಬಿಚ್ಚುತ್ತಾರೆ, ಯಾರು ಯಾವಾಗಲೂ ಕೊನೆ ಟೇಬಲ್ಲಿಗೇ ಹೋಗುತ್ತಾರೆ ಅಂತ ಒಂದು ವಾರ ಸುಮ್ನೆ ಗಮನಿಸಿ.

ಕಾನೂನು ಗೊತ್ತಿರಲೇಬೇಕು, ಅದರಲ್ಲಿ ರಾಜಿ ಇಲ್ಲ. 10 ಜನ ಇದ್ದರೂ ಸಾಕು, 2013ರ ಕಾಯ್ದೆ ಪ್ರಕಾರ ಲೈಂಗಿಕ ಕಿರುಕುಳದ ದೂರಿಗೆ ಆಂತರಿಕ ಸಮಿತಿ ಇರಬೇಕು, ಅದರಲ್ಲಿ ಹೊರಗಿನ ಸದಸ್ಯರೊಬ್ಬರು ಇರಬೇಕು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ 21 ಬಗೆಯ ಅಂಗವೈಕಲ್ಯ ಸೇರಿವೆ, ಖಾಸಗಿ ಕಂಪನಿಯೂ ಸಮಾನ ಅವಕಾಶದ ನೀತಿ ಮಾಡಿ ಪ್ರಕಟಿಸಬೇಕು. ಲಿಂಗತ್ವ ಅಲ್ಪಸಂಖ್ಯಾತರಿಗೆ (ಟ್ರಾನ್ಸ್‌ಜೆಂಡರ್) 2019ರ ಕಾಯ್ದೆ ಇದೆ, ಅವರ ದೂರು ಕೇಳಲು ಒಬ್ಬ ಅಧಿಕಾರಿ ಇರಬೇಕು. ಇಷ್ಟನ್ನು ಆಡಿಟ್ ಮಾಡುವವರು ಕೇಳುತ್ತಾರೆ. ಕಾಲೊನಿ ಹುಡುಗಿ ರಾತ್ರಿ ಎಷ್ಟು ದೂರ ನಡೆಯುತ್ತಾಳೆ ಅಂತ ಮಾತ್ರ ನನ್ನನ್ನು ಯಾವ ಫಾರಂ ಕೂಡ ಕೇಳಲಿಲ್ಲ.

ಇನ್ನು ಬೆಳವಣಿಗೆಯ ಮಾತು. ಮೊದಮೊದಲು ಜನ ನನ್ನ ಕ್ಯಾಬಿನ್ನಿಗೆ ಬಂದು ‘ಥ್ಯಾಂಕ್ಸ್ ಮೇಡಂ’ ಅಂದು ಹೋಗುತ್ತಿದ್ದರು. ಬಸ್ಸಿನ ವಿಷಯ ಆದಮೇಲೆ ದೂರು ಹೇಳಲು ಶುರು ಮಾಡಿದರು. ಮೇಲಿನವರಿಗೆ ಗಾಬರಿ, ಇಷ್ಟು ದಿನ ಇಲ್ಲದ್ದು ಈಗ ಯಾಕೆ ಅಂತ. ನನಗೆ ಮಾತ್ರ ಆಗಲೇ ಮೊದಲ ಸಲ ಕೆಲಸ ಶುರುವಾಯಿತು ಅನ್ನಿಸಿದ್ದು. ಕಿವಿ ಕೇಳದ ಒಬ್ಬ ಹುಡುಗ ಇದ್ದ. ಅವನಿಗೆ ಅಪಾಯ ಆಗದಿರಲಿ ಅಂತ ನಾನೇ ಪ್ಯಾಕಿಂಗಿಗೆ ಹಾಕಿಸಿದ್ದೆ, ಒಳ್ಳೆಯದು ಮಾಡಿದೆ ಅಂದುಕೊಂಡಿದ್ದೆ. ಒಂದು ದಿನ ಚೀಟಿಯಲ್ಲಿ ಬರೆದು ನನ್ನ ಮುಂದಿಟ್ಟ: ‘ನಾನು ಐಟಿಐ ಫಿಟ್ಟರ್. ಯಾರೂ ಕೇಳಲಿಲ್ಲ.’ ಆ ಚೀಟಿ ಇನ್ನೂ ನನ್ನ ಹತ್ತಿರ ಇದೆ. ಮಿಷಿನ್ ಪಕ್ಕ ಸೈರನ್ ಜೊತೆಗೆ ಮಿನುಗುವ ಕೆಂಪು ಲೈಟು ಹಾಕಿಸಿದೆವು, ಅವನು ಪ್ಯಾಕಿಂಗ್ ಬಿಟ್ಟು ಮಿಷಿನ್ ಕೆಲಸಕ್ಕೆ ಬಂದ.

ಆದ್ದರಿಂದ ನಿಮ್ಮ ಎರಡು ಪುಟದಲ್ಲಿ ಟ್ರೈನಿಂಗ್ ಲೆಕ್ಕ ಎರಡೇ ಸಾಲು ಸಾಕು. ಕೇಳದೆ ನೀವೇ ತೀರ್ಮಾನ ಮಾಡಿದ್ದು ಯಾವುದು, ಯಾರು ಅದನ್ನು ತಿದ್ದಿದರು, ಆಮೇಲೆ ಏನು ಬದಲಾಯಿಸಿದಿರಿ, ಅದನ್ನು ಬರೆಯಿರಿ. ಮೂರು ವರ್ಷದಲ್ಲಿ ಇಂಥದ್ದು ಒಂದಾದರೂ ಇದ್ದೇ ಇರುತ್ತದೆ. ಹೀಗೆ ಬರೆದರೆ ಮಾರ್ಕು ಕಡಿಮೆ ಆಗುತ್ತಾ ಅನ್ನುವ ಭಯ ಸಹಜ, ನನಗೂ ಇತ್ತು. ಆದರೂ ಬರೆಯಿರಿ. ನಿಮ್ಮನ್ನು ತಿದ್ದಿದವರ ಹೆಸರು ಹಾಕಬೇಡಿ, ಬರೆಯುವ ಮುಂಚೆ ಅವರನ್ನು ಒಂದು ಮಾತು ಕೇಳಿ.

ಬರುವ ವಾರವೇ ಆ ಬಸ್ಸು ಹತ್ತಿ. ಆ ಹುಡುಗಿಗೆ ಮೊದಲೇ ತಿಳಿಸಿ, ಅವಳ ಪಕ್ಕದ ಸೀಟಿನಲ್ಲೇ ಕೂತು, ಅವಳು ಇಳಿದ ಕಡೆಯೇ ಇಳಿಯಿರಿ. ಅವಳ ಮನೆಯಲ್ಲಿ ತೆಲುಗು ಮಾತಾಡಿದರೆ ನೀವೂ ಬಂದಷ್ಟು ತೆಲುಗಿನಲ್ಲೇ ಮಾತಾಡಿ. ವಾಪಸ್ ಬರಲು ಗಾಡಿ ಮೊದಲೇ ಹೇಳಿಟ್ಟಿರಿ, ಅಷ್ಟು ಹೊತ್ತಿನಲ್ಲಿ ಅಲ್ಲಿ ಆಟೋ ಸಿಗುವುದು ಕಷ್ಟ.