ಓದುಗರ ಪ್ರಶ್ನೆ, ನಮ್ಮ ಉತ್ತರ: ವಿಜ್ಞಾನ ಬರೀ ಪುಸ್ತಕದ ಹುಳಗಳಿಗೇನು?

ಪ್ರಶ್ನೆ: ನಮ್ಮ ಹುಡುಗಿ ಎಂಟನೇತ್ತಾ ಓದ್ತಾಳ. ಖೋ-ಖೋ ಅಂದ್ರ ಜೀವಾ. ವಿಜ್ಞಾನ ಅಂದ್ರ ಮಾತ್ರ ‘ಅದು ಪುಸ್ತಕದ ಹುಳಗೋಳ ಕೆಲಸ, ನನ್ನಂಥಾಕಿದಲ್ಲ’ ಅಂತಾಳ. ಹ್ಯಾಂಗ್ ತಿಳಿಸಿ ಹೇಳೂದು?
– ಒಬ್ಬ ತಾಯಿ, ಜಮಖಂಡಿ

ಉತ್ತರ: ತಿಳಿಸಿ ಹೇಳಬೇಡಿ ತಾಯಿ, ಕೈಗೆ ಕೆಲಸ ಕೊಡಿ. ಇಂಥ ಕಲ್ಪನೆ ಅವಳೊಬ್ಬಳದಲ್ಲ. ಸಂಶೋಧಕ ಡೇವಿಡ್ ಚೇಂಬರ್ಸ್ 1983ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 4,807 ಮಕ್ಕಳಿಂದ ವಿಜ್ಞಾನಿಯ ಚಿತ್ರ ಬರೆಸಿದ್ದರು. ಬಿಳಿ ಕೋಟು, ಕನ್ನಡಕ, ಗಡ್ಡ ಮತ್ತೆ ಮತ್ತೆ ಬಂದವು. ಹೆಣ್ಣು ವಿಜ್ಞಾನಿಯನ್ನು ಬರೆದವರು 28 ಮಕ್ಕಳು ಮಾತ್ರ, ಅಷ್ಟೂ ಜನ ಹುಡುಗಿಯರೇ. ಆಟಕ್ಕೂ ವಿಜ್ಞಾನಕ್ಕೂ ವೈರವಿಲ್ಲ: ಗಣಿತಜ್ಞ ಹರಾಲ್ಡ್ ಬೋರ್ 1908ರ ಒಲಿಂಪಿಕ್ಸ್‌ನಲ್ಲಿ ಡೆನ್ಮಾರ್ಕ್ ಫುಟ್ಬಾಲ್ ತಂಡದಲ್ಲಿ ಬೆಳ್ಳಿ ಪದಕ ಗೆದ್ದವರು.

ಆರತಿಗೆ ಅರಿಶಿನ-ಸುಣ್ಣ ಕೂಡಿಸಿದ ಕೆಂಪು ನೀರು ನಿಮ್ಮ ಮನೆಯಲ್ಲೇ ಆಗುತ್ತದಲ್ಲ, ಅಲ್ಲಿಂದಲೇ ಶುರು ಮಾಡಿ. ಒಂದು ಚಮಚ ಅರಿಶಿನಕ್ಕೆ ಮೂರು ಚಮಚ ಮೆಡಿಕಲ್ ಅಂಗಡಿಯ ಸ್ಪಿರಿಟ್ ಹಾಕಿ ಕಲಸಿ, ಒಲೆಯಿಂದ ದೂರ ಇಟ್ಟುಕೊಳ್ಳಿ. ಬರೀ ನೀರಿನಲ್ಲಿ ಅರಿಶಿನದ ಬಣ್ಣ ಸರಿಯಾಗಿ ಬಿಡುವುದಿಲ್ಲ. ಬಿಳಿ ಅರಿವೆಯ ತುಂಡನ್ನು ಅದರಲ್ಲಿ ಅದ್ದಿ ನೆರಳಲ್ಲಿ ಒಣಗಿಸಿ. ಅರಿವೆಯಲ್ಲಿ ಸಾಬೂನು ಉಳಿದಿದ್ದರೆ ಅದ್ದುತ್ತಲೇ ಕೆಂಪು ಕಲೆ ಏಳುತ್ತದೆ. ಹಾಗಾಗಿ ಮೊದಲೇ ಎರಡು ಸಲ ಬರೀ ನೀರಲ್ಲಿ ಜಾಲಿಸಿರಬೇಕು.

ಈಗ ಸುಣ್ಣದ ತಿಳಿ, ಸೋಡಾಪುಡಿ ನೀರು, ಲಿಂಬಿರಸ, ಮಜ್ಜಿಗೆ ಒಂದೊಂದೇ ಹನಿ. ಮೊದಲೆರಡು ಕ್ಷಾರ, ಅವಕ್ಕೆ ಕೆಂಪು; ಉಳಿದೆರಡು ಹುಳಿ, ಅವಕ್ಕೆ ಏನೂ ಇಲ್ಲ. ನಿಜವಾದ ಪ್ರಶ್ನೆ ಏಳುವುದೇ ಇಲ್ಲಿ. ಬರೀ ನೀರಿಗೂ ಬಣ್ಣ ಬದಲಾಗುವುದಿಲ್ಲ, ಹಾಗಾದರೆ ಲಿಂಬಿರಸ ಹುಳಿಯೆಂದು ಅರಿವೆ ಹೇಗೆ ಹೇಳೀತು? ಉತ್ತರ ನೀವು ಹೇಳಿಬಿಡಬೇಡಿ. ಕೆಂಪಾದ ಕಲೆಯ ಮೇಲೆ ಲಿಂಬಿರಸ ಹಾಕಿದರೆ ಹಳದಿ ಮರಳುತ್ತದೆ, ನೀರು ಹಾಕಿದರೆ ಮರಳುವುದಿಲ್ಲ ಎಂಬುದನ್ನು ಅವಳೇ ಹುಡುಕಲಿ. ಅಷ್ಟು ಹೊತ್ತು ಸುಮ್ಮನಿರುವುದು ದೊಡ್ಡವರಿಗೇ ಕಷ್ಟ!

ಪ್ರಶ್ನೆ: ನಮ್ಮ ಪ್ರೌಢಶಾಲೆಯಲ್ಲಿ ಪ್ರಯೋಗಾಲಯ ಹೆಸರಿಗಷ್ಟೇ. ಏನೇ ಮಾಡಿದರೂ ಮುಂದಿನ ಬೆಂಚಿನ ನಾಲ್ವರು ಜಾಣರೇ ಎದ್ದು ಬರುತ್ತಾರೆ. ಎಲ್ಲರೂ ಸೇರುವಂಥದ್ದು ಏನಿದೆ?
– ಶಿಕ್ಷಕರು, ವಿಜಯಪುರ

ಉತ್ತರ: ಅಂಗಳಕ್ಕೆ ಬನ್ನಿ ಗುರುಗಳೇ. 30 ಸೆಂ.ಮೀ. ಉದ್ದದ ನೆಟ್ಟನೆಯ ಕೋಲು, ಮಟ್ಟದ ನೆಲ, ದಾರಕ್ಕೆ ಕಟ್ಟಿದ ಒಂದು ನಟ್ಟು, ಸೀಮೆಸುಣ್ಣ, ಗಡಿಯಾರ ಇಷ್ಟಿದ್ದರೆ ಸಾಕು. ಮಧ್ಯಾಹ್ನ 12ಕ್ಕೆ ಶುರು ಮಾಡಿ 1 ಗಂಟೆಯವರೆಗೆ ಐದೈದು ನಿಮಿಷಕ್ಕೊಮ್ಮೆ ನೆರಳಿನ ತುದಿಗೆ ಗುರುತು ಹಾಕಿಸಿ. ಎಲ್ಲಕ್ಕಿಂತ ಗಿಡ್ಡ ನೆರಳು ಬಿದ್ದ ಹೊತ್ತೇ ನಿಮ್ಮೂರಿನ ನಿಜವಾದ ನಡುಹಗಲು. ಅದು 12ಕ್ಕೆ ಆಗುವುದಿಲ್ಲ. ನಮ್ಮ ಗಡಿಯಾರ 82.5 ಡಿಗ್ರಿ ರೇಖಾಂಶದ್ದು, ವಿಜಯಪುರ ಇರುವುದು 75.7ರ ಹತ್ತಿರ, ಡಿಗ್ರಿಗೆ 4 ನಿಮಿಷದಂತೆ ಸುಮಾರು 27 ನಿಮಿಷ ತಡ. ಋತುವಿಗೆ ತಕ್ಕಂತೆ ಇದರಲ್ಲಿ ಕೆಲವು ನಿಮಿಷ ಹೆಚ್ಚುಕಡಿಮೆ ಆಗುತ್ತದೆ.

ಮೇ 7-8 ಮತ್ತು ಆಗಸ್ಟ್ 5-6ರ ಸುಮಾರಿಗೆ ವಿಜಯಪುರದಲ್ಲಿ ಸೂರ್ಯ ನಡುನೆತ್ತಿಗೆ ಬಂದು ಕೋಲಿನ ನೆರಳೇ ಮಾಯ. ಮೇನಲ್ಲಿ ಸೂಟಿ, ಆಗಸ್ಟ್‌ನಲ್ಲಿ ಮೋಡ. ಆದರೂ ಚಿಂತೆಯಿಲ್ಲ: ಎರಡು ದಿನ ಆಚೀಚೆಯಾದರೂ 30 ಸೆಂ.ಮೀ. ಕೋಲಿನ ನೆರಳು 3 ಮಿ.ಮೀ. ಆಸುಪಾಸಿನಲ್ಲೇ ಇರುತ್ತದೆ. ಕೆಡಿಸುವುದು ಮೋಡಕ್ಕಿಂತ ಹೆಚ್ಚಾಗಿ ಕೋಲಿನ ವಾಲು. ಎರಡೇ ಡಿಗ್ರಿ ವಾಲಿದರೂ ಒಂದು ಸೆಂ.ಮೀ. ಸುಳ್ಳು ನೆರಳು ಬೀಳುತ್ತದೆ. ನಟ್ಟಿನ ದಾರವನ್ನು ಎರಡು ಬದಿಯಿಂದ ಹಿಡಿದು ನೋಡಿಸಿ. ಸೂರ್ಯನನ್ನು ಯಾರೂ ನೇರವಾಗಿ ನೋಡಬಾರದು.

ಕೆಲಸ ಹಂಚುವಾಗ ನಾಲ್ವರು ಜಾಣರಿಗೆ ಅಂಕಿ ಬರೆಯುವ ಕೆಲಸ ಸಾಕು. ಕೋಲು, ದಾರ, ಗುರುತು ಹಿಂದಿನ ಬೆಂಚಿನವರ ಕೈಯಲ್ಲಿರಲಿ, ಹದಿನೈದು ನಿಮಿಷಕ್ಕೆ ಕೈ ಬದಲಾಗಲಿ. ಗಾರೆ ಕೆಲಸದವರ ಮನೆಯ ಮಗು ನಿಮ್ಮ ತರಗತಿಯಲ್ಲಿದ್ದರೆ ತೂಕದ ದಾರ ಹಿಡಿಯುವುದನ್ನು ಎಲ್ಲರಿಗೂ ಅದೇ ಕಲಿಸಬಲ್ಲದು.

ಪ್ರಶ್ನೆ: ನಾನು ಬಿಎಸ್ಸಿ. ತಬಲಾ ಕಲಿಯುತ್ತಿದ್ದೇನೆ. ‘ಎರಡರಲ್ಲಿ ಒಂದು ಬಿಡು’ ಅನ್ನುತ್ತಾರೆ. ಬಿಡಬೇಕೇ?
– ವಿದ್ಯಾರ್ಥಿ, ಬೆಳಗಾವಿ

ಉತ್ತರ: ಬಿಡಬೇಡಿ. ಸಿ.ವಿ. ರಾಮನ್ 1920ರಲ್ಲಿ ಸಹೋದ್ಯೋಗಿಯೊಬ್ಬರ ಜೊತೆ ‘ನೇಚರ್’ ಪತ್ರಿಕೆಯಲ್ಲಿ ಬರೆದದ್ದು ನಮ್ಮ ಚರ್ಮವಾದ್ಯಗಳ ಬಗ್ಗೆಯೇ. ನಡುವೆ ಮೆತ್ತಿದ ಕರಿ ಶಾಹಿಯ ಭಾರದಿಂದ ಮೂಲಸ್ವರದ ಜೊತೆಗೇ ಹೊಮ್ಮುವ ಮೇಲುಸ್ವರಗಳ ಕಂಪನ ಮೂಲಸ್ವರದ ಎರಡು, ಮೂರು ಪಟ್ಟಿಗೆ ಹೊಂದಿಕೊಳ್ಳುತ್ತದೆ. ಹಾಗಾಗಿ ತಬಲಾಗೆ ಸ್ವರವಿದೆ, ಬರೀ ಚರ್ಮ ಬಿಗಿದ ವಾದ್ಯಕ್ಕೆ ಆ ಸ್ಪಷ್ಟತೆ ಇಲ್ಲ. ನೀವೇ ನೋಡಬಹುದು. ದಾಯಾಂ (ಬಲಗೈಯಿಂದ ಬಾರಿಸುವ ತಬಲಾ) ಅನ್ನು ಸಿಂಬೆಯ ಮೇಲೆ ಮಟ್ಟವಾಗಿ ಕೂರಿಸಿ, ಜರಡಿ ಹಿಡಿದ ಒಣ ಮರಳು ಒಂದು ಚಿಟಿಕೆ ಉದುರಿಸಿ, ಉಂಗುರ ಬೆರಳನ್ನು ಹಗುರವಾಗಿ ಊರಿ ಅಂಚಿಗೆ ಮೆಲ್ಲಗೆ ಹಲವು ಸಲ ಬಾರಿಸಿ. ಚರ್ಮ ಅಲುಗದ ಗೆರೆಯತ್ತ ಮರಳು ಸರಿಯುತ್ತದೆ. ಮರಳು ತೇವವಾಗಿದ್ದರೆ ಅಂಟಿ ಕೂರುತ್ತದೆ, ತಬಲಾ ವಾಲಿದ್ದರೆ ಒಂದೇ ಕಡೆ ಜಾರುತ್ತದೆ. ಮುಗಿದ ಮೇಲೆ ಮೆತ್ತನೆ ಬ್ರಷ್ಷಿನಿಂದ ಗುಡಿಸಿ ತೆಗೆಯಿರಿ. ಅರಿವೆಯಿಂದ ಉಜ್ಜಿದರೆ ಶಾಹಿ ಕೆರೆದುಹೋಗುತ್ತದೆ.