ಮೆಗ್ನೀಸಿಯಂ ಕಡಿಮೆಯಾದರೆ ಮಿದುಳಿನ ರಕ್ತನಾಳ ಬಿಗಿಯುತ್ತಾ?

ನಿಮಗೆ ಪದೇ ಪದೇ ಅರೆತಲೆನೋವು. ಮೆಗ್ನೀಸಿಯಂ ಕಡಿಮೆಯಾದರೆ ಮಿದುಳಿನ ರಕ್ತನಾಳ ಬಿಗಿಯುತ್ತಂತೆ, ಮಾತ್ರೆ ಶುರು ಮಾಡಲಾ ಅಂತ ಕೇಳಿದ್ದೀರಿ. ಬಿಗಿಯುವ ಮಾತು ನಿಜ. ಮಾತ್ರೆಯ ವಿಷಯ ಮಾತ್ರ ಅಷ್ಟು ಸಲೀಸಲ್ಲ.

ರಕ್ತನಾಳದ ಗೋಡೆಯಲ್ಲಿ ಸ್ನಾಯು ಇರುತ್ತದೆ. ಅದರ ಜೀವಕೋಶದೊಳಗೆ ಕ್ಯಾಲ್ಸಿಯಂ ನುಗ್ಗಿದರೆ ನಾಳ ಬಿಗಿಯುತ್ತದೆ. ಆ ದಾರಿಗೆ ಮೆಗ್ನೀಸಿಯಂ ಅಡ್ಡ ನಿಲ್ಲುತ್ತದೆ. ಬಿಪಿಗೆ ಕೊಡುವ ಅಮ್ಲೋಡಿಪಿನ್ ಮಾಡುವುದೂ ಹೆಚ್ಚುಕಮ್ಮಿ ಇದೇ ಕೆಲಸ.

ನಾನು ಮಂಡ್ಯದಲ್ಲಿ ಹೆರಿಗೆ ವಾರ್ಡಿನ ನರ್ಸ್. ಬಿಪಿ ತುಂಬಾ ಏರಿದ ಬಸುರಿಯರಿಗೆ ಫಿಟ್ಸ್ ಬರದಿರಲಿ ಅಂತ ಮ್ಯಾಗ್‌ಸಲ್ಫ್, ಅಂದರೆ ಮೆಗ್ನೀಸಿಯಂ ಸಲ್ಫೇಟ್ ಇಂಜೆಕ್ಷನ್ ಕೊಡುತ್ತೇವೆ. ಮೊದಲ ಡೋಸ್ ಹೋಗುವಾಗಲೇ 'ಸಿಸ್ಟರ್, ಮೈಯೆಲ್ಲಾ ಬಿಸಿ ಆಗ್ತಿದೆ' ಅನ್ನುತ್ತಾರೆ, ಮುಖ ಕೆಂಪಾಗುತ್ತದೆ. ಚರ್ಮದ ನಾಳಗಳು ಹಿಗ್ಗಿದ್ದು ಕಣ್ಣಿಗೇ ಕಾಣುತ್ತದೆ. ಮುಂದಿನ ಡೋಸ್‌ಗೆ ಮೊದಲು ಮಂಡಿಗೆ ಸುತ್ತಿಗೆ ತಟ್ಟಿ ಕಾಲು ಚಿಮ್ಮುತ್ತಾ ನೋಡುತ್ತೇವೆ, ಉಸಿರು ಎಣಿಸುತ್ತೇವೆ, ಮೂತ್ರ ಎಷ್ಟಾಗಿದೆ ಅಂತ ಅಳೆಯುತ್ತೇವೆ. ಕಾಲು ಚಿಮ್ಮದಿದ್ದರೆ ಆ ಡೋಸ್ ಇಲ್ಲ. ಜಾಸ್ತಿಯಾದರೆ ಉಸಿರೇ ನಿಲ್ಲಬಹುದು. ಈ ಔಷಧಿ ಫಿಟ್ಸ್ ಅಪಾಯವನ್ನು ಅರ್ಧಕ್ಕಿಳಿಸುತ್ತದೆ ಅಂತ 2002ರಲ್ಲಿ ಸುಮಾರು 10,000 ಹೆಂಗಸರ ಮೇಲೆ ನಡೆದ ಮ್ಯಾಗ್‌ಪೈ ಅಧ್ಯಯನ ತೋರಿಸಿತು.

ಹಾಗಂತ ಎಲ್ಲಾ ಕಡೆ ಇದು ನಡೆಯುವುದಿಲ್ಲ. ಅಮೆರಿಕದಲ್ಲಿ ಪಾರ್ಶ್ವವಾಯು ಹೊಡೆದ 1,700 ರೋಗಿಗಳಲ್ಲಿ ಸುಮಾರು ಅರ್ಧ ಜನರಿಗೆ 2 ಗಂಟೆಯೊಳಗೆ ಮೆಗ್ನೀಸಿಯಂ, ಉಳಿದವರಿಗೆ ಔಷಧಿಯಿಲ್ಲದ ದ್ರಾವಣ ಕೊಟ್ಟು ಗಮನಿಸಿದರು. 2015ರಲ್ಲಿ ಫಲಿತಾಂಶ ಬಂತು, ಅಂಗವೈಕಲ್ಯವೇನೂ ಕಡಿಮೆಯಾಗಿರಲಿಲ್ಲ. ಮಿದುಳಿಗೆ ತನ್ನದೇ ಕಾವಲು ಇದೆ. ರಕ್ತದಲ್ಲಿ ಮೆಗ್ನೀಸಿಯಂ ಏರಿಸಿದರೂ ಒಳಗೆ ಸೇರುವುದು ಸ್ವಲ್ಪವೇ, ಅದೂ ನಿಧಾನವಾಗಿ.

ನಿಮ್ಮ ರಕ್ತದ ರಿಪೋರ್ಟ್‌ನಲ್ಲಿ ಮೆಗ್ನೀಸಿಯಂ 1.9 (mg/dL) ಇದೆ, ಅದು ನಾರ್ಮಲ್. ಆದರೆ ಮೈಯಲ್ಲಿರುವ ಮೆಗ್ನೀಸಿಯಂನಲ್ಲಿ ನೂರಕ್ಕೆ ಒಂದು ಪಾಲು ಕೂಡ ರಕ್ತದಲ್ಲಿರುವುದಿಲ್ಲ. ಉಳಿದದ್ದು ಮೂಳೆ, ಸ್ನಾಯುಗಳಲ್ಲಿ. ಹಾಗಾಗಿ ರಿಪೋರ್ಟ್ ಸರಿಯಿದ್ದರೂ ಒಳಗೆ ಕೊರತೆ ಇರಬಹುದು. ವರ್ಷಗಟ್ಟಲೆ ಗ್ಯಾಸ್ ಮಾತ್ರೆ (ಒಮೆಪ್ರಜೋಲ್‌ನಂಥದ್ದು) ನುಂಗುವವರು, ಮೂತ್ರ ಹೋಗುವ ಮಾತ್ರೆ ತಗೊಳ್ಳುವವರು, ಕುಡಿತ ಇರುವವರು, ಶುಗರ್ ಹಿಡಿತ ತಪ್ಪಿದವರಲ್ಲಿ ಇದು ಜಾಸ್ತಿ.

ಅರೆತಲೆನೋವಿಗೆ ಮೆಗ್ನೀಸಿಯಂ ಮಾತ್ರೆ ದಿನವೂ ತಗೊಂಡರೆ ಕೆಲವರಿಗೆ ನೋವು ಬರುವುದು ಕಡಿಮೆಯಾಗುತ್ತದೆ. ಫಲ ಕಾಣಲು ತಿಂಗಳುಗಳೇ ಬೇಕು. ನೋವು ಶುರುವಾದ ಮೇಲೆ ಒಂದು ನುಂಗಿದರೆ ಪ್ರಯೋಜನವಿಲ್ಲ. ಕೆಲವರಿಗೆ ಭೇದಿಯೂ ಆಗುತ್ತದೆ. ಊಟದಲ್ಲಿ ಮುದ್ದೆ ಬಿಡಬೇಡಿ. 100 ಗ್ರಾಂ ರಾಗಿಯಲ್ಲಿ ಸುಮಾರು 140 ಮಿಲಿಗ್ರಾಂ ಮೆಗ್ನೀಸಿಯಂ ಇದೆ, ಪಾಲಿಶ್ ಅಕ್ಕಿಯಲ್ಲಿ ಅದರ ಕಾಲು ಭಾಗವೂ ಇಲ್ಲ.

ಕಿಡ್ನಿ ಹೇಗಿದೆ ಅಂತ ತೋರಿಸುವ ಕ್ರಿಯಾಟಿನಿನ್ ರಕ್ತಪರೀಕ್ಷೆ ಮಾಡಿಸದೆ ಮಾತ್ರೆ ಮುಟ್ಟಬೇಡಿ. ಕಿಡ್ನಿ ಸೋತಿದ್ದರೆ ಮೆಗ್ನೀಸಿಯಂ ಹೊರಹೋಗದೆ ಮೈಯಲ್ಲೇ ಸೇರಿಕೊಳ್ಳುತ್ತದೆ. ಅಂದಹಾಗೆ, ನೀವು ಈಗ ಯಾವ ಯಾವ ಮಾತ್ರೆ ತಗೊಳ್ಳುತ್ತಿದ್ದೀರಿ ಅಂತ ಬರೆದಿಲ್ಲ. ಡಾಕ್ಟರ ಹತ್ತಿರ ಹೋಗುವಾಗ ಆ ಚೀಟಿಗಳನ್ನೆಲ್ಲಾ ತಗೊಂಡು ಹೋಗಿ, ಗ್ಯಾಸ್ ಮಾತ್ರೆಯದ್ದೂ ಸೇರಿಸಿ.